ಮೂರನೆಯ ಅಂಗಡಿ ದಾಟಿದ ಮೇಲೆ

ನಾನು ನಿಂತಿದ್ದದ್ದು ಡೊಂಬಿವಲಿಯಿಂದ ಬೆಳಗಿನ ಎಂಟು ಇಪ್ಪತ್ತೆರಡಕ್ಕೆ ಹೊರಡುವ ಫಾಸ್ಟ್ ಲೋಕಲ್ಲಿನಲ್ಲಿ. ಮುಂದಿನಿಂದ ನಾಲ್ಕನೆಯ ಡಬ್ಬಿ, ಎರಡನೆಯ ಬಾಗಿಲು, ಬಾಗಿಲಿನಿಂದ ಒಳಕ್ಕೆ ಮೂರನೆಯ ಮನುಷ್ಯ. ದಿನ ಬುಧವಾರ, ಕೃಷ್ಣಾಷ್ಟಮಿಗೆ ಇನ್ನು ಒಂಬತ್ತು ದಿನ. ಎಡಗೈ ಮೇಲಿನ ಹಿಡಿಯಲ್ಲಿತ್ತು, ಬಲಗೈ ಎದೆಗೆ ಅಂಟಿಕೊಂಡಿತ್ತು, ಅದರಲ್ಲಿ ಫೋನಿತ್ತು. ಆ ಹೊತ್ತಿಗೆ ನನ್ನ ದೇಹದಲ್ಲಿ ನನ್ನ ಮಾತು ಕೇಳುತ್ತಿದ್ದ ಭಾಗವೆಂದರೆ ಬಲಗೈಯ ಹೆಬ್ಬೆರಳು ಮಾತ್ರ. ಉಳಿದದ್ದನ್ನೆಲ್ಲ ಸುತ್ತಲಿನವರು ಹಂಚಿಕೊಂಡಿದ್ದರು. ತಪ್ಪು ಮಾಡಿದ್ದು ಆ ಹೆಬ್ಬೆರಳೇ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ನಾನು ಅಂದು ಮಾಡಿದ್ದು ಏನು ಎಂಬುದರ ಬಗ್ಗೆ ನಮ್ಮ ನೆಂಟರಲ್ಲಿ ಹಲವು ಬಗೆಯ ವರದಿಗಳು ಓಡಾಡುತ್ತಿವೆ. ನೇರೂಳಿನಲ್ಲಿರುವ ನನ್ನ ಅತ್ತಿಗೆಯ ವರದಿಯಲ್ಲಂತೂ ನಾನು ನಿದ್ದೆ ಮಾಡುತ್ತಿದ್ದೆ. ನಿಂತುಕೊಂಡು, ಫೋನು ಹಿಡಿದುಕೊಂಡು ನಿದ್ದೆ ಮಾಡಲು ನಾನು ಅಷ್ಟು ಪುಣ್ಯ ಮಾಡಿದವನಲ್ಲ.

ನೋಡಿದ್ದನ್ನು ನೋಡಿದ ಹಾಗೆ ಹೇಳುವುದು ನನ್ನ ಅಭ್ಯಾಸ. ತುರ್ಭೆಯಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಇಪ್ಪತ್ತಾರು ವರ್ಷಗಳಿಂದ ತಪಾಸಣೆಯ ಕೆಲಸ ಮಾಡುತ್ತಿದ್ದೇನೆ. ಪೆಟ್ಟಿಗೆಯ ನಾಲ್ಕು ಮೂಲೆ ನೋಡಬೇಕು, ಅಂಟು ನೋಡಬೇಕು, ಮುದ್ರೆ ನೆಟ್ಟಗಿದೆಯೇ ನೋಡಬೇಕು, ಆಮೇಲೆ ಸಹಿ ಹಾಕಬೇಕು. ಈ ಗುಣದಿಂದಾಗಿ ನಮ್ಮ ಬಿಲ್ಡಿಂಗಿನ ಸೊಸೈಟಿಯಲ್ಲಿ ಯಾವ ಜಗಳವಾದರೂ ಕೊನೆಗೆ ಕಾರ್ಯದರ್ಶಿಗಳು "ಬಂಗೇರಾ ಸಾಹೇಬ್‌ಕೋ ಬುಲಾಓ" ಎನ್ನುತ್ತಾರೆ. ಯಾರ ಸ್ಕೂಟರು ಯಾರ ಜಾಗದಲ್ಲಿತ್ತು, ಲಿಫ್ಟಿನ ಬಾಗಿಲನ್ನು ತೆರೆದಿಟ್ಟು ಹೋದವರು ಯಾರು, ಎಲ್ಲಕ್ಕೂ ನಾನೇ ಸಾಕ್ಷಿ. ಈ ಹೆಮ್ಮೆಯನ್ನು ಇಲ್ಲಿ ಹೇಳಿಕೊಳ್ಳುತ್ತಿರುವುದಕ್ಕೆ ಕಾರಣವಿದೆ. ಅದು ಕೊನೆಯಲ್ಲಿ ಬರುತ್ತದೆ, ಮತ್ತು ನನಗೆ ಅದರಿಂದ ಯಾವ ಗೌರವವೂ ಸಿಗುವುದಿಲ್ಲ.

ಈಗ ನನ್ನ ಹೆಂಡತಿ ಜಲಜಾಕ್ಷಿಯ ವಿಷಯ. ಆಕೆ ಉಲ್ಹಾಸನಗರದಲ್ಲಿ ಸಾಮಾನು ಕೊಳ್ಳುವುದನ್ನು ನೀವು ನೋಡಬೇಕು. ಅಂಗಡಿಗೆ ಹೋಗಿ ತನಗೆ ಬೇಡವಾದ ನಾಲ್ಕು ವಸ್ತುಗಳನ್ನು ಮೊದಲು ಕೇಳುತ್ತಾಳೆ. ಬೇಕಾದದ್ದನ್ನು ಐದನೆಯದಾಗಿ, ಸ್ವಲ್ಪ ಬೇಸರದಿಂದ, ಎರಡು ಬೆರಳಲ್ಲಿ ಎತ್ತಿ ನೋಡುತ್ತಾಳೆ. ಬೆಲೆ ಕೇಳಿ ನಗುತ್ತಾಳೆ. ಆ ನಗುವಿಗೆ ಹೆದರಿ ಅರ್ಧಕ್ಕರ್ಧ ಇಳಿಸಿದ ವ್ಯಾಪಾರಿಗಳನ್ನು ನಾನು ಕಂಡಿದ್ದೇನೆ. ಇಳಿಸದಿದ್ದರೆ ಹೊರಟುಬಿಡುತ್ತಾಳೆ. ಇಡೀ ವಿದ್ಯೆ ಇರುವುದು ಈ ಹೊರಡುವುದರಲ್ಲಿ. ತಿರುಗಿ ನೋಡಬಾರದು, ನಡಿಗೆ ನಿಧಾನವಾಗಬಾರದು, ಅವಸರವೂ ಆಗಬಾರದು. ಮೂರನೆಯ ಅಂಗಡಿ ದಾಟುವಷ್ಟರಲ್ಲಿ ಹಿಂದಿನಿಂದ "ಭಾಭೀಜಿ, ಆಓ ನಾ! ಲೇ ಜಾಓ!" ಎಂಬ ಕೂಗು ಬರಲೇಬೇಕು. ಇದರಲ್ಲಿ ನನ್ನ ಪಾತ್ರ ಸಣ್ಣದು. ಅವಳ ಪಕ್ಕದಲ್ಲಿ ನಡೆಯುತ್ತ ಗಡಿಯಾರ ನೋಡಿ, ಅಂಗಡಿಯವನಿಗೆ ಕೇಳುವಂತೆ, "ಟ್ರೈನ್ ಟೈಮ್ ಹೋ ಗಯಾ" ಎನ್ನಬೇಕು. ಮದುವೆಯಾದಾಗಿನಿಂದ ಈ ಒಂದು ವಾಕ್ಯವನ್ನು ಹೇಳಿಕೊಂಡು ಬಂದಿದ್ದೇನೆ. ಹೇಳಿದ ಬೆಲೆಯನ್ನು ಕೊಟ್ಟು ಆಕೆ ಇದುವರೆಗೆ ಏನನ್ನೂ ಕೊಂಡಿಲ್ಲ. ಅದು ನಮ್ಮ ನೆಂಟರಿಷ್ಟರಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಮದುವೆಯ ಸೀರೆ ಕೊಳ್ಳಲು ಮುಲುಂಡಿನಿಂದಲೂ ಜನ ಬಂದು ಅವಳನ್ನು ಕರೆದುಕೊಂಡು ಹೋಗುತ್ತಾರೆ.

ಒಂದೇ ಒಂದು ಸಲ ಕೂಗು ಬರಲಿಲ್ಲ. ಹನ್ನೊಂದು ವರ್ಷದ ಹಿಂದೆ, ನೀಲಿ ಬಣ್ಣದ, ಅಂಚಿನಲ್ಲಿ ಬಿಳಿ ಹೂವಿದ್ದ ಒಂದು ಬೆಡ್‌ಶೀಟು. ಮೂರು ಅಂಗಡಿ ದಾಟಿದೆವು, ಏಳು ದಾಟಿದೆವು, ರಿಕ್ಷಾ ಸ್ಟ್ಯಾಂಡು ದಾಟಿ ಸ್ಟೇಷನ್ನಿಗೇ ಬಂದುಬಿಟ್ಟೆವು. ಆಕೆ ಬೆಂಚಿನ ಮೇಲೆ ಕುಳಿತಳು. ಒಂದು ಟ್ರೈನು ಬಂತು, ಹೋಯಿತು. "ಹತ್ತುವನಾ?" ಎಂದೆ. "ಇನ್ನೊಂದಕ್ಕೆ ಹೋಗುವ" ಎಂದಳು, ಸೇತುವೆಯ ಕಡೆ ನೋಡುತ್ತ. ಆ ಮುಖ ನೋಡಲಾರದೆ ನಾನು, ನೀರಿನ ಬಾಟಲಿ ತರುತ್ತೇನೆಂದು ಹೇಳಿ, ಓಡಿದೆ. ನಿಜವಾಗಿ ಓಡಿದೆ. ಅಂಗಡಿಯವನು ಕೇಳಿದಷ್ಟನ್ನೇ ಕೊಟ್ಟು ಬೆಡ್‌ಶೀಟು ತಂದು ಅವಳ ಮಡಿಲಲ್ಲಿಟ್ಟು, "ನಾನು ಸೇತುವೆ ಹತ್ತುತ್ತಿದ್ದೆ, ಅಷ್ಟರಲ್ಲಿ ಅವನೇ ಓಡಿ ಬಂದ ಮಾರಾಯ್ತಿ, ನೀನು ಹೇಳಿದ ರೇಟಿಗೇ ಕೊಟ್ಟ" ಎಂದೆ. ಏದುಸಿರು ನನ್ನದಾಗಿತ್ತು, ಓಟವನ್ನು ಅವನ ಹೆಸರಿಗೆ ಬರೆದೆ. ಆಕೆ ಬೆಡ್‌ಶೀಟನ್ನು ಒಮ್ಮೆ ಸವರಿ, "ಬರ್ತಾನೆ ಅಂತ ನನಗೆ ಗೊತ್ತಿತ್ತು" ಎಂದಳು. ಈ ಅಷ್ಟಮಿಯ ತನಕ ಸಾಕ್ಷಿಯಾಗಿ ನಾನು ಹೇಳಿದ ಒಂದೇ ಸುಳ್ಳು ಅದು.

ಇನ್ನು ಗ್ರೈಂಡರ್. ಅಷ್ಟಮಿಗೆ ನಮ್ಮ ಮನೆಯಲ್ಲಿ ಮೂಡೆಯಾಗಬೇಕು. ಮುಂಡುಗನ ಎಲೆಯನ್ನು ಸುರುಳಿ ಸುತ್ತಿ ಕೊಳವೆ ಮಾಡಿ, ಅದರೊಳಗೆ ಹಿಟ್ಟು ಹೊಯ್ದು ಬೇಯಿಸುವುದು. ನೇರೂಳು, ಮುಲುಂಡು, ಕಲ್ಯಾಣದಿಂದ ಹದಿನೆಂಟು ಜನ ಊಟಕ್ಕೆ ಬರುತ್ತಾರೆ. ಹಿಟ್ಟನ್ನು ಕಲ್ಲಿನಲ್ಲೇ ಕಡೆಯಬೇಕು. ಮಿಕ್ಸಿಯಲ್ಲಿ ಅದು ಬಿಸಿಯಾಗಿ ಕೆಡುತ್ತದೆ ಎಂದು ಆಕೆಯ ವಾದ. ನಮ್ಮ ಹಳೆಯ ಗ್ರೈಂಡರಿನ ಗುಂಡುಕಲ್ಲನ್ನು ಕೈಯಿಂದ ಎತ್ತಿ ತೆಗೆದು ತೊಳೆಯಬೇಕು. ಈ ವರ್ಷ ಅವಳ ಬಲಭುಜ ಹಿಡಿದುಕೊಂಡಿತ್ತು. ಸ್ಟೇಷನ್ ರಸ್ತೆಯ ಡಾಕ್ಟರು, "ನೀರಿನ ಬಕೆಟ್ಟೂ ಎತ್ತಬಾರದು" ಎಂದಿದ್ದರು. ನಾನು ಎತ್ತುತ್ತೇನೆಂದೆ. ಕಳೆದ ವರ್ಷ ನಾನು ಎತ್ತಿದ್ದ ಆ ಕಲ್ಲು ಬಿದ್ದು ಒಡೆದ ಟೈಲ್ಸನ್ನು ಆಕೆ ಕಣ್ಣಲ್ಲೇ ತೋರಿಸಿದಳು. ಅಂಗಡಿಯ ಹಿಟ್ಟಿನ ಪ್ಯಾಕೆಟ್ ತರೋಣವೆಂದೆ. ಆಗ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಹಾಗಾಗಿ ಹೊಸ ಗ್ರೈಂಡರ್ ಬೇಕು, ಪಾತ್ರೆಯನ್ನೇ ಬಗ್ಗಿಸಿ ಹಿಟ್ಟು ಸುರಿಯುವಂಥದ್ದು ಬೇಕು, ಅಷ್ಟಮಿಯ ಮೊದಲು ಬೇಕು. ಭುಜ ಹೀಗಿರುವಾಗ ಉಲ್ಹಾಸನಗರದ ನೂಕುನುಗ್ಗಲು ಸಾಧ್ಯವಿಲ್ಲವಾದ್ದರಿಂದ ಮಗಳು ತನ್ವಿ ಅಮ್ಮನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಅದೇ ಖಾತೆ ನನ್ನ ಫೋನಿನಲ್ಲೂ ತೆರೆಯುತ್ತಿತ್ತು.

ತನ್ವಿ ಐರೋಳಿಯ ಒಂದು ಆಫೀಸಿನಲ್ಲಿದ್ದಾಳೆ. ಆನ್‌ಲೈನ್ ಅಂಗಡಿಗಳ ಜಾಹೀರಾತು ಬರೆಯುವುದು, ಯಾರು ಏನನ್ನು ನೋಡಿ ಎಲ್ಲಿಂದ ಎದ್ದುಹೋದರು ಎಂದು ಲೆಕ್ಕ ಹಾಕುವುದು ಅವಳ ಕೆಲಸ. ನಾವು ತುಳುವಿನಲ್ಲೋ ಕನ್ನಡದಲ್ಲೋ ಕೇಳಿದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. "ಮಮ್ಮಿ, ಪಸಂದ್ ಆಯಾ ತೋ ಕಾರ್ಟ್ ಮೇ ಡಾಲೋ, ಪೇ ಕರೋ, ಬಸ್" ಎಂದು ಹೇಳಿಕೊಟ್ಟಳು. ಜಲಜ ಮೊದಲು ತನಗೆ ಬೇಡದ ನಾಲ್ಕು ಗ್ರೈಂಡರ್ ನೋಡಿದಳು. ಐದನೆಯದನ್ನು ಕಾರ್ಟಿಗೆ ಹಾಕಿದಳು. ಆಮೇಲೆ ಫೋನನ್ನು ಮಗುಚಿಟ್ಟು ಸೊಪ್ಪು ಬಿಡಿಸಲು ಕುಳಿತಳು.

"ಪೇ ಮಾಡ್ಲಿಲ್ವಾ?" ಎಂದು ನಾನು ಕೇಳಿದೆ.

"ಹೊರಗೆ ಬಂದೆ. ಇನ್ನು ಅವನು ಕರೀಲಿ."

"ಅದು ಅಂಗಡಿ ಅಲ್ಲ ಮಾರಾಯ್ತಿ, ಆ್ಯಪು. ಕರೀಲಿಕ್ಕೆ ಅಲ್ಲಿ ಯಾರುಂಟು?"

"ನೀವು ಸುಮ್ಮನೆ ನೋಡ್ತಾ ಇರಿ."

ಮರುದಿನ ಬೆಳಿಗ್ಗೆ ಫೋನು ಟಿಂಗ್ ಎಂದಿತು. "ಏನನ್ನೋ ಮರೆತು ಹೋದಿರಾ? ನಿಮ್ಮ ಕಾರ್ಟ್ ನಿಮಗಾಗಿ ಕಾಯುತ್ತಿದೆ." ಜಲಜ ಫೋನನ್ನು ನನ್ನ ಚಹಾದ ಕಪ್ಪಿನ ಪಕ್ಕ ತಂದಿಟ್ಟು, "ಕರೆದ" ಎಂದಳು. ಅಷ್ಟೇ. ಆ ಒಂದು ಶಬ್ದಕ್ಕೆ ಅಡುಗೆಮನೆಯ ಡಬ್ಬಗಳೆಲ್ಲ ತಲೆಬಾಗಿದಂತೆ ನನಗೆ ಅನ್ನಿಸಿತು.

ಆಮೇಲಿನ ದಿನಗಳಲ್ಲಿ ಆ ಗ್ರೈಂಡರ್ ನಮ್ಮ ಮನೆಯಲ್ಲಿ ಕಾಣಿಸದ ಜಾಗವಿರಲಿಲ್ಲ. ಆಕೆ ಪತ್ರೊಡೆಯ ವಿಡಿಯೋ ನೋಡಿದರೆ ಅದರ ಕೆಳಗೆ, ರಾಹುಕಾಲ ನೋಡಿದರೆ ಅದರ ಪಕ್ಕದಲ್ಲಿ, ನಾನು ಸುದ್ದಿ ಓದುತ್ತಿದ್ದರೆ ಮಂತ್ರಿಗಳ ಭಾಷಣದ ನಡುವೆ. "ಹಿಂದೆಯೇ ಬರ್ತಾ ಇದ್ದಾನೆ" ಎಂದು ಜಲಜ ನಡಿಗೆ ಬದಲಿಸದೆ ಮುಂದೆ ಹೋದಳು. ನಾಲ್ಕನೆಯ ದಿನ ಸ್ವಲ್ಪ ರಿಯಾಯಿತಿಯ ಕೂಪನ್ ಬಂತು. "ಇಷ್ಟಕ್ಕೆಲ್ಲ ತಿರುಗಿ ನೋಡ್ಲಿಕ್ಕುಂಟಾ?" ಎಂದಳು. ಆರನೆಯ ದಿನ "ಎರಡು ಮಾತ್ರ ಉಳಿದಿವೆ" ಎಂದಿತು. ಉಲ್ಹಾಸನಗರದಲ್ಲಿ ಎಲ್ಲರೂ ಹೇಳುವುದೇ ಲಾಸ್ಟ್ ಪೀಸ್ ಎಂದು, ಅದಕ್ಕೂ ನಕ್ಕಳು. "ಹದಿನಾಲ್ಕು ಜನ ಈಗ ಇದನ್ನು ನೋಡುತ್ತಿದ್ದಾರೆ" ಎಂದು ಬಂದಾಗ ನಾನು ನಿಜಕ್ಕೂ ಕಂಗಾಲಾದೆ. ಜಲಜ ಮಾತ್ರ, "ಅವರೆಲ್ಲ ಅಂಗಡಿಯವನೇ ಕೂರಿಸಿದ ಜನ" ಎಂದಳು.

ತನ್ವಿಗೆ ಇದನ್ನು ಸಹಿಸಲಾಗಲಿಲ್ಲ. "ಮಮ್ಮಿ, ಉಧರ್ ಕೋಯೀ ಆದ್ಮೀ ಹೀ ನಹೀ ಹೈ! ಸಬ್ ಮೆಷಿನ್ ಕರ್ತಾ ಹೈ."

"ಈ 'ಮರೆತು ಹೋದಿರಾ' ಅಂತ ಬರೆದದ್ದು ಯಾರು ಹಾಗಾದ್ರೆ?"

ತನ್ವಿ ಟಿಫಿನ್ ಡಬ್ಬಿಯ ಮುಚ್ಚಳ ಒತ್ತಿದಳು. "ಲಿಖ್ತೇ ತೋ ಹಮ್ ಹೀ ಹೈ" ಎಂದಳು ಆಮೇಲೆ, ಬರೆಯುವವರು ತಾವೇ ಎಂದು ಒಪ್ಪಿಕೊಂಡು. "ಮತಲಬ್, ಮೇರೇ ಜೈಸಾ ಕೋಯೀ."

"ಹಾಂ! ನಾನು ಅಷ್ಟು ಕಷ್ಟಪಟ್ಟು ಓದಿಸಿದ್ದು ನೀನು ಬಾಗಿಲಲ್ಲಿ ನಿಂತು ಭಾಭೀಜಿ ಆಓ ನಾ ಅಂತ ಕರೀಲಿಕ್ಕಾ?" ಎಂದು ಜಲಜ ಕೇಳಿದಳು. ತನ್ವಿ ಆ ದಿನ ಟಿಫಿನ್ ಮರೆತು ಹೋದಳು.

ಇಷ್ಟರಲ್ಲಿ ದಿನಗಳು ಕಳೆಯುತ್ತಿದ್ದವು. ಒಂದು ಬೆಳಿಗ್ಗೆ ಜಲಜ ಹಳೆಯ ಗ್ರೈಂಡರನ್ನು ಕಟ್ಟೆಯ ಕೆಳಗಿನಿಂದ ಎಳೆದು ಒರೆಸುತ್ತಿದ್ದುದನ್ನು ಕಂಡೆ. ಎಡಗೈಯಿಂದ ಒರೆಸುತ್ತಿದ್ದಳು. "ಸುಮ್ಮನೆ, ಧೂಳು" ಎಂದಳು. ಮೂಡೆ, ಹಟ ಎರಡನ್ನೂ ಬಿಡುವವಳಲ್ಲ ಎಂದು ನನಗೆ ಆಗಲೇ ತಿಳಿಯಿತು. ಗ್ರೈಂಡರಿನವನು ದಾರಿಗೆ ಬರದಿದ್ದರೆ ಈಕೆ ಆ ಕಲ್ಲನ್ನೇ ಎತ್ತುತ್ತಾಳೆ, ಹೇಳಿದ ಬೆಲೆ ಕೊಡುವುದಿಲ್ಲ. ಅಂದೇ ಬುಧವಾರ.

ಮೊದಲು ಹೇಳಿದ ಜಾಗದಲ್ಲಿ ನಾನು ನಿಂತಿದ್ದೆ. ಎಡಕ್ಕೆ ಸಾವಂತ, ಇಪ್ಪತ್ತು ವರ್ಷದ ಟ್ರೈನಿನ ಗೆಳೆಯ. ಬಲಕ್ಕೆ ಬ್ಯಾಂಕಿನ ಹಿರೇಮಠರು, ವಿಜಯಪುರದ ಕಡೆಯವರು. ಸುಮ್ಮನೆ ನೋಡೋಣವೆಂದು ಕೋಪರ್ ದಾಟಿದ ಮೇಲೆ ಆ್ಯಪ್ ತೆರೆದೆ. "ಒಂದೇ ಉಳಿದಿದೆ" ಎಂದು ಕೆಂಪಕ್ಷರದಲ್ಲಿತ್ತು. ಕೂಪನ್ನಿನ ಅವಧಿ ಮುಗಿದು ಬೆಲೆ ಮೊದಲಿನಷ್ಟೇ ಆಗಿತ್ತು. ಪಕ್ಕದಲ್ಲಿ ಒಂದು ಗಡಿಯಾರ ಹಿಂದಕ್ಕೆ ಓಡುತ್ತಿತ್ತು. ದಿವಾ ದಾಟಿತು. ನನ್ನ ಕಣ್ಣ ಮುಂದೆ ಉಲ್ಹಾಸನಗರದ ಸ್ಟೇಷನ್ನಿನ ಬೆಂಚು ಬಂತು. ಒತ್ತಿದೆ. ಮಾಲು ಬಂದ ಮೇಲೆ ಹಣ ಎಂಬುದನ್ನು ಆರಿಸಿ ಮತ್ತೆ ಒತ್ತಿದೆ. ಪರದೆಯ ಮೇಲೆ ಒಂದು ಚಕ್ರ ತಿರುಗತೊಡಗಿತು, ಮುಂಬ್ರಾದ ಗುಡ್ಡ ಬಂತು, ನೆಟ್‌ವರ್ಕ್ ಹೋಯಿತು. ಆ ತಿರುವಿನಲ್ಲಿ ಅದು ಹೋಗುತ್ತದೆಂದು ಈ ಲೈನಿನವರಿಗೆಲ್ಲ ಗೊತ್ತು. ಮನೆಯವರ ಫೋನು ಬಂದರೆ "ಮುಂಬ್ರಾ ಆ ಗಯಾ" ಎಂದು ಹೇಳಿ ನಾವೇ ಇಡುತ್ತೇವೆ. ನನಗೂ ಗೊತ್ತು. ಆದರೂ ಚಕ್ರ ತಿರುಗುವುದು ನೋಡಿ ಇನ್ನೊಮ್ಮೆ ಒತ್ತಿದೆ. ಕಳವಾದಲ್ಲಿ ಮತ್ತೂ ಒಮ್ಮೆ.

"ಏನ್ ಆಗ್ಲಿಂದ ಒತ್ತಾಕತ್ತೀರಿ ಬಂಗೇರ ಅವ್ರ? ಲಿಫ್ಟ್ ಕರೀತೀರೇನ್?" ಎಂದರು ಹಿರೇಮಠರು.

ಥಾಣೆ ಪ್ಲಾಟ್‌ಫಾರ್ಮಿನಲ್ಲಿ ಇಳಿದಾಗ ಫೋನು ಟಿಂಗ್, ಟಿಂಗ್, ಟಿಂಗ್ ಎಂದಿತು. ಸಾವಂತ ಬಗ್ಗಿ ನೋಡಿ, "ತೀನ್ ಗ್ರೈಂಡರ್? ಬಂಗೇರಾ, ಹೋಟೆಲ್ ಖೋಲ್ ರಹಾ ಹೈ ಕ್ಯಾ?" ಎಂದ. ಒಂದೇ ಉಳಿದಿದ್ದ ಅಂಗಡಿಯಿಂದ ನಾನು ಮೂರು ಕೊಂಡಿದ್ದೆ. ಜಲಜ ಹೇಳಿದ್ದು ನಿಜವೆಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿರಲಿಲ್ಲ, ಆದರೆ ಅದನ್ನು ಅವಳಿಗೆ ತೋರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಎರಡನ್ನು ರದ್ದು ಮಾಡೋಣವೆಂದರೆ, ತುರ್ಭೆ ತಲುಪುವಷ್ಟರಲ್ಲಿ "ನಿಮ್ಮ ಸಾಮಾನು ಹೊರಟಾಗಿದೆ" ಎಂದು ಬಂತು. ಆ ದಿನ ಕಾರ್ಖಾನೆಯಲ್ಲಿ ಮೂಲೆ ಸೊಟ್ಟಗಿದ್ದ ಎಷ್ಟು ಪೆಟ್ಟಿಗೆಗಳಿಗೆ ಸಹಿ ಹಾಕಿದೆನೋ ತಿಳಿಯದು.

ಭಾನುವಾರ ಬೆಳಿಗ್ಗೆ ಬಾಗಿಲ ಗಂಟೆ ಹೊಡೆಯಿತು. ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ, ಜಲಜ ನನಗಿಂತ ನಾಲ್ಕು ಹೆಜ್ಜೆ ಮುಂದೆ. ಲಿಫ್ಟಿನಿಂದ ಮೂರು ಪೆಟ್ಟಿಗೆಗಳು ಹೊರಬಂದವು. ಅಭ್ಯಾಸಬಲದಿಂದ ಮೊದಲು ಮೂಲೆ ನೋಡಿದೆ, ಆಮೇಲೆ ತಳದ ಮುದ್ರೆ. ನಮ್ಮದೇ ಕಾರ್ಖಾನೆಯವು. ಮೂಲೆಗಳು ಚೆನ್ನಾಗಿದ್ದವು.

"ಬಂಗೇರಾ? ತೀನ್ ಪೀಸ್, ಕ್ಯಾಶ್" ಎಂದ ಡೆಲಿವರಿಯವನು.

ಜಲಜ ನನ್ನ ಕಡೆ ತಿರುಗಿದಳು. ಹನ್ನೊಂದು ವರ್ಷ ಹಳೆಯದಾದ ನನ್ನ ವಿದ್ಯೆ ತಾನಾಗಿ ಎದ್ದುಬಂತು. "ಅವರೇ ನನಗೆ ಫೋನ್ ಮಾಡಿದ್ರು ಜಲಜ, ಬೇಡ ಬೇಡ ಅಂದ್ರೂ ಬಿಡ್ಲಿಲ್ಲ, ನೀನು ಹೇಳಿದ ರೇಟಿಗೇ..." ಎನ್ನುತ್ತಿದ್ದಂತೆ ಆಕೆ ಕನ್ನಡಕ ಹಾಕಿಕೊಂಡು ಪೆಟ್ಟಿಗೆಯ ಮೇಲಿನ ಚೀಟಿ ಓದಿದಳು. ಬೆಲೆ ದಪ್ಪಕ್ಷರದಲ್ಲಿತ್ತು. ಕನ್ನಡಕ ತೆಗೆದಳು. ಡೆಲಿವರಿಯವನ ಕಡೆ ತಿರುಗಿದಳು.

"ಭೈಯ್ಯಾ, ತೀನೋ ವಾಪಸ್."

"ಆಂಟಿ, ಕಾರಣ್ ಡಾಲನಾ ಪಡತಾ ಹೈ. ಟೂಟಾ ಹೈ? ಗಲತ್ ಚೀಜ್ ಹೈ?" ಎಂದು ಅವನು ತನ್ನ ಫೋನಿನಲ್ಲಿ ವಾಪಸಾತಿಯ ಕಾರಣಗಳ ಪಟ್ಟಿ ತೆರೆದ.

"ದಾಮ್ ಗಲತ್ ಹೈ" ಎಂದು ಜಲಜ ಚೀಟಿಯ ಮೇಲಿನ ಬೆಲೆಯನ್ನು ಬೆರಳಿಂದ ಕುಟ್ಟಿದಳು.

"ವೋ ಇಸ್ಮೇ ನಹೀ ಹೈ, ಆಂಟಿ."

"ತೋ ಲಿಖೋ, ಭಾಭೀಜಿ ಚಲೀ ಗಯೀ" ಎಂದು ಜಲಜ ಬಾಗಿಲು ಹಾಕಿದಳು. ತನ್ನ ಮನೆಯೊಳಗೇ ಇದ್ದು ಅಂಗಡಿಯಿಂದ ಎದ್ದು ಹೊರಟ ಗಿರಾಕಿಯನ್ನು ನಾನು ನೋಡಿದ್ದು ಅದೇ ಮೊದಲು.

ಲಿಫ್ಟು ಇಳಿಯುವ ಸದ್ದು ಕೇಳಿಸಿತು. ಅಷ್ಟಮಿಗೆ ಐದು ದಿನ. ನಾನು ಚಪ್ಪಲಿಗೆ ಕಾಲು ಹಾಕಿದೆ. "ಕೆಳಗೆ ಟೆಂಪೋ ಇನ್ನೂ ಉಂಟು. ಒಂದನ್ನಾದ್ರೂ ಹಿಡಿದುಕೊಂಡು ಬರ್ತೇನೆ."

"ಕೂತುಕೊಳ್ಳಿ ಅಲ್ಲಿ" ಎಂದಳು. "ಒಮ್ಮೆ ಓಡಿದ್ದು ಸಾಕು."

ಅವಸರಪಟ್ಟು ಆರ್ಡರ್ ಮಾಡಿದ್ದನ್ನೇ ಹೇಳುತ್ತಿರಬೇಕೆಂದುಕೊಂಡು ನಾನು ಕುಳಿತೆ. ಆಕೆಯೂ ಕುಳಿತಳು, ಫೋನನ್ನು ಎದುರಿಗಿಟ್ಟುಕೊಂಡು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ಫೋನು ಸುಮ್ಮನಿತ್ತು, ಆ ಹಾಳು ಜಾಹೀರಾತೂ ಅಂದು ಬರಲಿಲ್ಲ. ತನ್ವಿ ಹೊಸ್ತಿಲಲ್ಲಿ ನಿಂತು, ಎಂದೂ ಆಡದ ಕನ್ನಡದಲ್ಲಿ, "ಮಮ್ಮಿ, ನಾನು ಬೇರೆ ಆರ್ಡರ್ ಮಾಡ್ಲಾ?" ಎಂದಳು. ಜಲಜ ಫೋನನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. ಹನ್ನೆರಡರ ಹೊತ್ತಿಗೆ ಅವಳ ಎಡಗೈ ತಾನಾಗಿ ಬಲಭುಜವನ್ನು ಒತ್ತುತ್ತಿತ್ತು, ಕಣ್ಣು ಅಡುಗೆಮನೆಯ ಕಟ್ಟೆಯ ಕೆಳಗಿತ್ತು. ಸ್ಟೇಷನ್ನಿನ ಬೆಂಚಿನ ಮೇಲಿನ ಅದೇ ಮುಖ.

ಹನ್ನೆರಡೂ ಕಾಲಿಗೆ ಫೋನು ಹೊಡೆದುಕೊಂಡಿತು. ಗುರುತಿಲ್ಲದ ನಂಬರು. ಆಕೆ ಮೂರು ರಿಂಗ್ ಆಗಲು ಬಿಟ್ಟಳು. ಆಮೇಲೆ ಸ್ಪೀಕರ್ ಹಾಕಿದಳು.

"ಭಾಭೀಜಿ! ತೀನೋ ಪೀಸ್ ವಾಪಸ್ ಕರ್ ದಿಯೇ? ಐಸೀ ಕ್ಯಾ ನಾರಾಜ್ಗೀ?"

"ಆಪ್ ಕೌನ್?"

"ಮಾಲ್ ಮೇರಾ ಹೈ, ಭಾಭೀಜಿ. ಆ್ಯಪ್ ಪೇ ಮೈ ಹೀ ಬೇಚತಾ ಹೂಂ. ಉಲ್ಹಾಸನಗರ ಸೇ ಬೋಲ್ ರಹಾ ಹೂಂ."

ಆ್ಯಪಿನಲ್ಲಿ ಮಾರುವವನೇ ಉಲ್ಹಾಸನಗರದಿಂದ ಮಾತಾಡುತ್ತಿದ್ದ; ಅಲ್ಲಿ ಮನುಷ್ಯನೇ ಇಲ್ಲವೆಂದಿದ್ದ ತನ್ವಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ಜಲಜ ಸೀರೆಯ ಸೆರಗು ಸರಿಮಾಡಿಕೊಂಡಳು. ಆಮೇಲೆ ನಡೆದದ್ದು ಇಪ್ಪತ್ತೆರಡು ನಿಮಿಷ. ಅವನು ತನ್ನ ಮಕ್ಕಳ ಫೀಸಿನ ವಿಷಯ ಹೇಳಿದ, ಈಕೆ ತನ್ನ ಭುಜದ ವಿಷಯ ಹೇಳಿದಳು. ಅವನು ತನ್ನ ತಾಯಿಗೂ ಭುಜದ ನೋವೆಂದ, ಈಕೆ ಎಣ್ಣೆಯೊಂದರ ಹೆಸರು ಹೇಳಿ ಬರೆಸಿದಳು. ಒಂದೇ ಪೀಸ್ ಎಂದು ಯಾಕೆ ಬರೆದದ್ದೆಂದು ಈಕೆ ಕೇಳಿದ್ದಕ್ಕೆ, "ಲಿಖನಾ ಪಡತಾ ಹೈ ಭಾಭೀಜಿ, ಗೋಡೌನ್ ಭರಾ ಪಡಾ ಹೈ" ಎಂದು ನಕ್ಕ. ನಡುವೆ ಆಕೆ ನನ್ನ ಕಡೆ ಹುಬ್ಬು ಹಾರಿಸಿದಳು. ಎಷ್ಟು ಹೊತ್ತಿನಿಂದ ಕಾಯುತ್ತಿದ್ದೆನೋ, ಗಡಿಯಾರ ನೋಡಿ ಗಟ್ಟಿಯಾಗಿ "ಟ್ರೈನ್ ಟೈಮ್ ಹೋ ಗಯಾ" ಎಂದೆ. ಮನೆಯೊಳಗೆ ಕುಳಿತು ಟ್ರೈನು ಯಾಕೆಂದು ಅವನು ಕೇಳಲಿಲ್ಲ. ಬೆಲೆ ಇಳಿಯಿತು. ಎರಡಕ್ಕೆ ಮಾತಾಯಿತು, ಒಂದು ನಮಗೆ, ಒಂದು ನೇರೂಳಿನ ಅತ್ತಿಗೆಗೆ.

"ಔರ್ ತೀಸ್ರಾ, ಭಾಭೀಜಿ?"

"ತೀಸ್ರಾ ಮುಂಬ್ರಾ ಮೇ ಉತಾರ್ ದೋ" ಎಂದಳು ಜಲಜ. ಅಲ್ಲಿಗೆ ನನಗೆ, ಸಾವಂತನ ಹೆಂಡತಿ ಮತ್ತು ನನ್ನ ಹೆಂಡತಿ ತರಕಾರಿ ಮಾರ್ಕೆಟ್ಟಿನಲ್ಲಿ ಭೇಟಿಯಾಗುತ್ತಾರೆ ಎಂಬುದು ನೆನಪಾಯಿತು.

ಮಂಗಳವಾರ ಅವನದೇ ಟೆಂಪೋದಲ್ಲಿ ಗ್ರೈಂಡರ್ ಬಂತು. ಗುರುವಾರ ಹಿಟ್ಟು ಕಡೆದದ್ದಾಯಿತು. ಆಕೆ ಎಡಗೈಯಲ್ಲಿ ಹಿಡಿ ಒತ್ತಿದಳು, ಪಾತ್ರೆ ತಾನಾಗಿ ಬಗ್ಗಿ ಹಿಟ್ಟು ಸುರಿಯಿತು. ಶುಕ್ರವಾರ ಅಷ್ಟಮಿಯ ಉಪವಾಸ ಮುಗಿಸಿ, ಶನಿವಾರ ಮಧ್ಯಾಹ್ನ ಹದಿನೆಂಟು ಜನ ಕುಳಿತು ಮೂಡೆ ಬಿಚ್ಚಿ ತಿಂದರು. ಫೋನಿನ ಕತೆಯನ್ನು ಜಲಜ ಎರಡು ಸಲ ಹೇಳಿದಳು. ಎರಡನೆಯ ಸಲ ಅತ್ತಿಗೆಯ ಒತ್ತಾಯಕ್ಕೆ ಮುಂಬ್ರಾವನ್ನೂ ಸೇರಿಸಿದಳು. ಎಲ್ಲರೂ ಹೋದ ಮೇಲೆ, ಪಾತ್ರೆ ಒರೆಸುತ್ತ ನಿಂತಿದ್ದಾಗ, ನನಗೆ ಒಂದು ಅನುಮಾನ ಬಂತು. ಭಾನುವಾರ ಅವಳು ಚೀಟಿಯನ್ನು ಓದಿದ್ದಳು, ಮುಂಬ್ರಾದ ಸುದ್ದಿಯೂ ಗೊತ್ತಿತ್ತು, ಸರಿ. ಆದರೆ ಮುಂಬ್ರಾದಲ್ಲಿ ನಾನು ನಿಂತಿದ್ದೆ. ಓಡಿರಲಿಲ್ಲ.

"ಒಮ್ಮೆ ಓಡಿದ್ದು ಸಾಕು ಅಂದ್ಯಲ್ಲ ಜಲಜ, ಅದು ಯಾವ ಓಟ?"

ಆಕೆ ಗ್ರೈಂಡರಿನ ಪಾತ್ರೆ ಒರೆಸುತ್ತಲೇ ಹೇಳಿದಳು. "ಆ ನೀಲಿ ಬೆಡ್‌ಶೀಟಿನವ. ಸೇತುವೆವರೆಗೆ ಓಡಿ ಬಂದ ಅಂದ್ರಿ ನೀವು. ಅವನ ಒಂದು ಕಾಲಿಗೆ ಮೊಣಕಾಲವರೆಗೆ ಪ್ಲಾಸ್ಟರ್ ಹಾಕಿತ್ತು. ಸ್ಟೂಲಿನ ಮೇಲೆ ಕಾಲಿಟ್ಟುಕೊಂಡೇ ಕೂತಿದ್ದ. ಊರುಗೋಲು ಹಿಂದೆ ಗೋಡೆಗೆ ಒರಗಿತ್ತು."

ನಾನು ಆ ಅಂಗಡಿಗೆ ಒಂದೇ ದಿನದಲ್ಲಿ ಎರಡು ಸಲ ಹೋಗಿದ್ದೆ. ಬೆಡ್‌ಶೀಟಿನ ಅಂಚಿನ ಹೂವು ಬಿಳಿಯದು ಎಂದು ನೆನಪಿದೆ.

"ಹನ್ನೊಂದು ವರ್ಷ ಹೇಳ್ಲಿಲ್ಲ ಅಲ್ವಾ ನೀನು?"

"ಎಂತ ಹೇಳುವುದು? ಅಂಗಡಿಯವ ಬರ್ಲಿಲ್ಲ. ನೀವಾದ್ರೂ ಓಡಿದ್ರಲ್ಲ" ಎಂದು ಬಟ್ಟೆಯನ್ನು ಹಿಂಡಿ ನನ್ನ ಕೈಗೆ ಕೊಟ್ಟಳು, ಎಡಗೈಯಿಂದಲೇ.

ಇನ್ನು ಸಾಕ್ಷಿಗಳ ಹೆಸರು ಬರೆದು ಮುಗಿಸುತ್ತೇನೆ. ಮುಂಬ್ರಾದಲ್ಲಿ ನನ್ನ ಹೆಬ್ಬೆರಳನ್ನು ಕಂಡವರು ಇಬ್ಬರು, ಸಾವಂತ ಮತ್ತು ಹಿರೇಮಠ. ಇಬ್ಬರೂ ಕ್ಷೇಮವಾಗಿದ್ದಾರೆ, ಎಂಟು ಇಪ್ಪತ್ತೆರಡಕ್ಕೆ ಅದೇ ಡಬ್ಬಿಯಲ್ಲಿ ಸಿಗುತ್ತಾರೆ. ನಾನು ಫೋನು ತೆಗೆದರೆ ಈಗಲೂ ಎರಡೂ ಕಡೆಯಿಂದ ನನ್ನ ಕೈ ಹಿಡಿಯುತ್ತಾರೆ. ಬೆಡ್‌ಶೀಟಿನ ವ್ಯಾಪಾರಿಯೂ ಇದ್ದಾನೆ. ಕಳೆದ ವಾರ ಹೋಗಿ ದೂರದಿಂದ ನೋಡಿ ಬಂದೆ. ಎರಡೂ ಕಾಲಿನ ಮೇಲೆ ಚೆನ್ನಾಗಿ ಓಡಾಡುತ್ತಿದ್ದ. ಅವನ ಪ್ಲಾಸ್ಟರನ್ನು ಕಂಡವಳು ಜಲಜಾಕ್ಷಿ. ಆಕೆಯೂ ಇದ್ದಾಳೆ, ನೂರು ವರ್ಷ ಇರಲಿ. ಅಲ್ಲಿ ನಿಂತಿದ್ದ ಇನ್ನೊಬ್ಬನನ್ನು, ಅವನು ಈ ತಪಾಸಣೆಯ ಕೆಲಸದಲ್ಲಿ ಎಷ್ಟೇ ವರ್ಷ ಕಳೆದಿರಲಿ, ಕಂಡವರ ಪಟ್ಟಿಯಲ್ಲಿ ಸೇರಿಸಿಕೊಳ್ಳುವಂತಿಲ್ಲ.